ವಳ್ಳಿಯಮ್ಮನ ಆರು ವಾಕ್ಯಗಳು

ನೆಗಮಂ
11-9-1988

ಜಾನಮ್ಮ ಟೀಚರಿಗೆ ರಾಜಾಮಣಿಯ ನಮಸ್ಕಾರಗಳು.

ಯಾವ ರಾಜಾಮಣಿ ಎಂದು ನೀವು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. 1980ರಲ್ಲಿ ಹತ್ತನೇ ಕ್ಲಾಸು, ಕಿಟಕಿ ಪಕ್ಕದ ಕೊನೆಯ ಬೆಂಚು. ನಿಮ್ಮ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕೂತಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಉಳಿದ ಎಲ್ಲಾ ಪೇಪರೂ ಪಾಸಾಗಿ ನಿಮ್ಮ ಪೇಪರಿನಲ್ಲಿ ಮಾತ್ರ ಮೂವತ್ತೊಂದು ತೆಗೆದ ಹುಡುಗಿ. ಪೊಳ್ಳಾಚಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕ್ಲಾಸಿನ ಕಾಳಿಯಮ್ಮ ಸಿಕ್ಕಿದಳು. ನೀವು ರಿಟೈರ್ ಆಗಿ ಆರ್.ಎಸ್. ಪುರಂನಲ್ಲಿ ಮಗನ ಮನೆಯಲ್ಲಿದ್ದೀರಿ ಎಂದು ಅವಳೇ ವಿಳಾಸ ಕೊಟ್ಟಳು.

ಐದನೇ ಕ್ಲಾಸಿನವರೆಗೆ ನಾನು ಅಜ್ಜಿಯ ಊರು ಕೊಳ್ಳೇಗಾಲದಲ್ಲಿ ಓದಿದವಳು, ನೀವೂ ಆ ಕಡೆಯವರೇ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಕನ್ನಡವೇ. ಆದರೆ ಅಕ್ಷರ ಒಬ್ಬರಿಗೂ ಗೊತ್ತಿಲ್ಲ. ಈ ಕಾಗದ ಬೀದಿಯಲ್ಲಿ ಬಿದ್ದರೂ ಓದುವವರಿಲ್ಲ ಎಂಬ ಧೈರ್ಯ ನನಗೆ.

ಟೀಚರ್, ಮೂರು ವರ್ಷದ ಹಿಂದೆ ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡರು. ಮಕ್ಕಳಿಲ್ಲ. ಅತ್ತೆ ವಳ್ಳಿಯಮ್ಮ ಮತ್ತು ನಾನು, ಇಬ್ಬರೇ. ಮಗ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಗುಂಡಿಗೆ ಅತ್ತೆ ಐವತ್ತೈದನೇ ವಯಸ್ಸಿನಲ್ಲಿ ತಾವೇ ಇಳಿದರು. ನಾನು ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತೇನೆ. ಬರುವ ಜೂನ್‌ನಲ್ಲಿ ನಮ್ಮ ಬೀದಿಗೆ ಬಾಲವಾಡಿ ಬರುತ್ತದಂತೆ. ನೇಕಾರರ ಸಂಘದ ಸೆಕ್ರೆಟರಿ ರಾಮಲಿಂಗಂ ಅವರು, "ಎಸ್ಸೆಸ್ಸೆಲ್ಸಿ ಪಾಸ್ ಸರ್ಟಿಫಿಕೇಟ್ ತಾ ಅಮ್ಮಣಿ, ಟೀಚರ್ ಕೆಲ್ಸ ನಿಂಗೇ" ಎಂದಿದ್ದಾರೆ. ಏಪ್ರಿಲ್‌ನಲ್ಲಿ ಪರೀಕ್ಷೆ. ನನಗೆ ಆ ಕೆಲಸ ಬೇಕು. ಚಿಕ್ಕ ಮಕ್ಕಳ ನಡುವೆ ಕೂತರೆ ಮನಸ್ಸು ತಿಳಿಯಾಗುತ್ತದೆ ಅನ್ನಿಸುತ್ತದೆ.

ಕಾಗದದಲ್ಲೇ ಇಂಗ್ಲಿಷ್ ಹೇಳಿಕೊಡುತ್ತೀರಾ?

ನಿಮ್ಮ ಹಳೆಯ ದಡ್ಡ ಶಿಷ್ಯೆ,
ರಾಜಾಮಣಿ

*

ಆರ್.ಎಸ್. ಪುರಂ, ಕೊಯಮತ್ತೂರು
20-9-1988

ರಾಜಾಮಣಿಗೆ ಆಶೀರ್ವಾದ.

ಮೂವತ್ತೊಂದಲ್ಲ, ಮೂವತ್ತೆರಡು. ಆ ಮಾರ್ಕ್ ಪಟ್ಟಿ ನೋಡಿ ಸಂಕಟಪಟ್ಟವಳು ನಾನು, ನನಗೆ ಮರೆಯುತ್ತದೆಯೇ? ನೀನು ದಡ್ಡಿ ಅಲ್ಲ. ಗೈಡ್ ಪುಸ್ತಕವನ್ನು ಗಿಳಿಯ ಹಾಗೆ ಉರು ಹೊಡೆದೆ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ ಕೂಡಲೇ ಬಾಯಿ ಕಟ್ಟಿತು.

ಆಗಲಿ, ಹೇಳಿಕೊಡುತ್ತೇನೆ. ಇಲ್ಲಿ ನನಗೂ ಕೆಲಸವಿಲ್ಲ. ಸೊಸೆ ಒಂದು ಲೋಟವನ್ನೂ ತೊಳೆಯಲು ಬಿಡುವುದಿಲ್ಲ. ಬೆಳಿಗ್ಗೆ ಪೇಪರ್ ಓದಿ ಮುಗಿಸಿದರೆ ಸಂಜೆಯವರೆಗೆ ಗೋಡೆ ನೋಡುವುದು.

ನನ್ನ ಕ್ರಮ ಇಷ್ಟೇ. ಗೈಡ್ ಮುಚ್ಚಿಡು. ನಿನ್ನ ಮನೆಯಲ್ಲಿ ನಿಜವಾಗಿ ನಡೆದ ಐದು ಸಂಗತಿಗಳನ್ನು ಐದು ವಾಕ್ಯಗಳಲ್ಲಿ ಬರೆದು ಕಳಿಸು. ಸುಳ್ಳು ಬರೆದರೆ ತಪ್ಪು ಹಾಕುತ್ತೇನೆ. ಮೊದಲ ಪಾಠ, ಶಾಲೆಯಲ್ಲಿ ನಿನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ ಅದೇ ಹ್ಯಾವ್ ಮತ್ತು ಹ್ಯಾಸ್. ಆಮೇಲೆ ಕ್ರಿಯಾಪದದ ಬೆನ್ನಿಗೆ ಫಾರ್, ಅಟ್, ಟು, ಫ್ರಮ್ ಎಂಬ ಚಿಲ್ಲರೆ ಮಾತುಗಳು ಬರುತ್ತವಲ್ಲ, ಅವೇ ನಿನ್ನನ್ನು ಕೆಡವಿದ್ದು. ಯಾವುದರ ಬೆನ್ನಿಗೆ ಯಾವುದು ಎಂದು ಕೇಳಬೇಡ. ಬರೆ, ನಾನು ಕೆಂಪು ಶಾಯಿ ಹಿಡಿದು ಕೂತಿದ್ದೇನೆ. ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ನೆನಪಿರಲಿ. ಇಂಗ್ಲಿಷ್ ಕಿವಿಯಿಂದ ಬರುವ ಭಾಷೆ.

ಗಂಡನ ವಿಷಯ ಓದಿ ತುಂಬಾ ನೊಂದೆ, ಮಗು.

ಜಾನಮ್ಮ

*

ನೆಗಮಂ
9-10-1988

ಪ್ರೀತಿಯ ಟೀಚರಿಗೆ ನಮಸ್ಕಾರ.

ಐದು ವಾಕ್ಯ ಬರೆಯಲು ಎಂಟು ದಿನ ಹಿಡಿಯಿತು. ಇಂಗ್ಲಿಷಿನಲ್ಲಿ ಬರೆದ ಹಾಳೆ ಬೇರೆ ಇಟ್ಟಿದ್ದೇನೆ. ಏನು ಹೇಳಲು ಹೊರಟೆ ಎಂಬುದು ನಿಮಗೆ ತಿಳಿಯಲೆಂದು ಇಲ್ಲಿ ಕನ್ನಡದಲ್ಲೂ ಬರೆಯುತ್ತೇನೆ. ಒಂದು, ಬೆಳಿಗ್ಗೆಯಿಂದ ಬೆಕ್ಕು ಹಾಲನ್ನೇ ನೋಡುತ್ತಿದೆ. ಎರಡು, ನಮ್ಮ ಅತ್ತೆ ನನ್ನ ಮೇಲೆ ಕೂಗಾಡಿದ್ದಾರೆ. ಮೂರು, ಅತ್ತೆ ಪಕ್ಕದ ಮನೆಯಲ್ಲಿ ನನ್ನ ಬಗ್ಗೆ ದೂರು ಹೇಳಿದ್ದಾರೆ. ನಾಲ್ಕು, ನನ್ನ ಸಾರಿನಲ್ಲಿ ಉಪ್ಪಿಲ್ಲವೆಂದು ಅತ್ತೆ ನಕ್ಕಿದ್ದಾರೆ. ಐದು, ನಾನು ನಿಮ್ಮ ಕಾಗದಕ್ಕಾಗಿ ಕಾದಿದ್ದೇನೆ.

ಟೀಚರ್, ಒಂದು ಸಂತೋಷದ ವಿಷಯ. ಹ್ಯಾವ್ ಎಂದರೆ ಏನು ಎಂದು ನನಗೆ ಈಗ ಹೊಳೆಯಿತು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ನೇಯ್ದು ಮುಗಿದಾಗ ಹಳೆಯ ಎಳೆಗಳನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ತುದಿಗಳನ್ನು ಹಾಗೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಒಂದೊಂದು ಹಳೆಯ ತುದಿಗೆ ಬೂದಿ ಮುಟ್ಟಿಸಿ ಹೊಸೆಯುತ್ತೇವೆ. ಎರಡು ಸಾವಿರ ಎಳೆ ಇದ್ದರೆ ಎರಡು ಸಾವಿರ ಸಲ. ಹ್ಯಾವ್ ಕೂಡ ಅದೇ ಕೆಲಸ ಮಾಡುತ್ತದೆ. ನಡೆದುಹೋದದ್ದರ ತುದಿ ಇವತ್ತಿನ ಕೈಯಲ್ಲಿದೆ. ಶಾಲೆಯಲ್ಲಿ ಇಷ್ಟು ಹೊಳೆದಿದ್ದರೆ ಅಷ್ಟು ಹೊತ್ತು ನಿಲ್ಲಬೇಕಾಗಿರಲಿಲ್ಲ.

ನಿಮ್ಮ
ರಾಜಾಮಣಿ

*

ಆರ್.ಎಸ್. ಪುರಂ
23-10-1988

ರಾಜಾಮಣಿಗೆ ಆಶೀರ್ವಾದ.

ಮೂವತ್ತೊಂದು ವರ್ಷ ಹ್ಯಾವ್ ಪಾಠ ಮಾಡಿದೆ, ನಿನ್ನ ಬೂದಿ ಹಚ್ಚಿದ ಎಳೆಯಷ್ಟು ಚೆನ್ನಾಗಿ ಒಮ್ಮೆಯೂ ಹೇಳಲಿಲ್ಲ. ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳುತ್ತಿದ್ದೇನೆ.

ತಿದ್ದಿದ ಹಾಳೆ ಜೊತೆಗಿದೆ. ಕೂಗುವುದಕ್ಕೆ ಅಟ್, ದೂರುವುದಕ್ಕೆ ಅಬೌಟ್, ಕಾಯುವುದಕ್ಕೆ ಫಾರ್. ಐದರಲ್ಲಿ ಎರಡು ಸರಿ. ಸಾಲದು.

ಇನ್ನೊಂದು ಮಾತು. ಐದರಲ್ಲಿ ಮೂರು ವಾಕ್ಯ ಅತ್ತೆಯ ಮೇಲೆ. ಬೆಕ್ಕಿಗೂ ಒಂದು ಸಿಕ್ಕಿದೆ. ಮನೆಯಲ್ಲಿ ಇನ್ನೊಬ್ಬರು ಇದ್ದರಲ್ಲ, ಅವರ ಬಗ್ಗೆ ಒಂದೂ ಇಲ್ಲ. ಬರೆಯಲೇಬೇಕೆಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ಬಿತ್ತು, ಹೇಳಿದೆ. ಮುಂದಿನ ಸಲ ಹತ್ತು ವಾಕ್ಯ.

ಜಾನಮ್ಮ

*

ನೆಗಮಂ
4-12-1988

ಟೀಚರ್,

ತಡವಾಯಿತು, ಕ್ಷಮಿಸಿ. ಇದೇ ನನ್ನ ಕೊನೆಯ ಕಾಗದ ಅನ್ನಿಸುತ್ತದೆ.

ನೀವು ಗಟ್ಟಿಯಾಗಿ ಓದು ಎಂದಿರಿ. ರಾಟೆ ತಿರುಗಿಸುತ್ತಾ ಓದುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ ಎಂಬ ಧೈರ್ಯ. ಹತ್ತು ವಾಕ್ಯ ಬರೆಯಲು ಹೋಗಿ, ಅತ್ತೆ ಅತ್ತೆ ಎಂದು ಬರೆಯುವುದು ಬೇಸರವಾಗಿ ಹೆಸರನ್ನೇ ಹಾಕಿದ್ದೆ. ಆವತ್ತು ಒಂದು ಎಳೆ ಕಡಿದು ಮಗ್ಗ ಥಟ್ಟನೆ ನಿಂತಿತು. ನನ್ನ ಬಾಯಿ ನಿಲ್ಲಲಿಲ್ಲ. "ವಳ್ಳಿಯಮ್ಮ ಹ್ಯಾಸ್ ಶೌಟೆಡ್ ಅಟ್ ಮಿ, ವಳ್ಳಿಯಮ್ಮ ಹ್ಯಾಸ್ ಕಂಪ್ಲೇನ್ಡ್ ಅಬೌಟ್ ಮಿ" ಎಂದು ಮನೆ ತುಂಬ ಕೇಳಿಸಿತು.

ಅದೇ ಹೊತ್ತಿಗೆ ನೂಲು ತಂದುಕೊಡುವ ಗೋವಿಂದಸಾಮಿ ಬಾಗಿಲಲ್ಲಿ ನಿಂತಿರಬೇಕೇ? ಅವನು ಕಾಲೇಜಿಗೆ ಎರಡು ವರ್ಷ ಹೋಗಿ ಬಂದವನು. "ಏನಪ್ಪಾ ಅದು, ನನ್ ಹೆಸ್ರು ಹೇಳಿ ಏನೋ ಓದ್ತಾವ್ಳೆ?" ಎಂದು ಅತ್ತೆ ಕೇಳಿದರು. ಆ ಮಹಾನುಭಾವ ಸುಮ್ಮನಿರಬಾರದೇ? ಹತ್ತೂ ವಾಕ್ಯವನ್ನು ನನ್ನ ಕೈಯಿಂದ ಇಸಿದುಕೊಂಡು ಒಂದೂ ಬಿಡದೆ ಅರ್ಥ ಹೇಳಿದ.

ಅತ್ತೆ ಬೈಯಲಿಲ್ಲ ಟೀಚರ್. ಬೈದಿದ್ದರೆ ನನಗೆ ಅಭ್ಯಾಸವಿದೆ. "ದೊರೆಗಳ ಭಾಷೇಲಿ ನನ್ ಮಾನ ಕೊಯಮತ್ತೂರಿಗೆ ಟಪಾಲ್ ಹಾಕ್ದ್ಯಾ?" ಎಂದು ಒಂದೇ ಮಾತು ಕೇಳಿದರು. ಆಮೇಲೆ ಒಂಬತ್ತು ದಿನ ಮಾತೇ ಇಲ್ಲ. ಊಟ ಬಡಿಸಿದರೆ ಉಣ್ಣುತ್ತಾರೆ, ಎದ್ದು ಮಗ್ಗಕ್ಕೆ ಇಳಿಯುತ್ತಾರೆ. ನಾನು ಬರೆದದ್ದು ನಿಜವೇ. ಆದರೆ ಬೇರೆಯವನ ಬಾಯಿಂದ ಕೇಳಿದಾಗ ನನಗೇ ನಾಚಿಕೆಯಾಯಿತು. ನೋಟ್ ಪುಸ್ತಕವನ್ನು ಅಟ್ಟದ ಮೇಲೆ ಹಾಕಿದ್ದೇನೆ. ಬಾಲವಾಡಿಗೆ ಬೇರೆ ಯಾರಾದರೂ ಸಿಗುತ್ತಾರೆ.

ನಿಮ್ಮ ಶ್ರಮ ಹಾಳು ಮಾಡಿದ
ರಾಜಾಮಣಿ

*

ನೆಗಮಂ
5-1-1989

ಟೀಚರಮ್ಮಂಗೆ ವಳ್ಳಿಯಮ್ಮ ಹೇಳಿ ಬರ್ಸೋ ಲೆಟ್ರು.

ನಂಗೆ ಓದು ಬರಲ್ಲ. ಟಪಾಲ್ ಕೆಲ್ಸದಲ್ಲಿದ್ದು ಬಿಟ್ಟ ಮೈಲ್‌ಸಾಮಿಯಣ್ಣ ನಾನು ಹೇಳದ್ನ ಹಂಗೇ ತಮಿಳು ಅಕ್ಷರದಲ್ಲಿ ಬರೀತಾವ್ರೆ. ನೀವು ತಮಿಳು ಓದ್ತೀರಂತಲ್ಲ. ರಾಜಾಮಣಿಗೆ ಇದು ತಿಳೀಬಾರ್ದು.

ಅವ್ಳು ಬರ್ದಿದ್ದು ಸುಳ್ಳಲ್ಲ. ನಾನು ಕೂಗ್ತೀನಿ. ದಿನಾ ಗುಂಡೀಲಿ ಕಾಲಿಟ್ಕೊಂಡು ಕೂತ್ರೆ ನಿಮ್ಗೂ ಬಾಯಿ ಜಾಸ್ತಿ ಆಗ್ತದೆ. ಆದ್ರೆ ನ್ಯಾಯ ಅಂತ ಒಂದು ಬೇಡ್ವಾ ಟೀಚರಮ್ಮ? ಕೂಗಿದ್ದು ಇಂಗ್ಲೀಸಲ್ಲಿ ಬಂತು. ಅವ್ಳಿಗೆ ಮೈಯೆಲ್ಲ ಅಮ್ಮ ಎದ್ದಿದ್ದಾಗ ಬೇವಿನ ಸೊಪ್ಪು ಹಾಸಿ ಹದ್ನೈದು ದಿನ ಪಕ್ಕದಲ್ಲೇ ಬಿದ್ದಿದ್ನಲ್ಲ, ಅದು ಯಾಕೆ ಬರ್ಲಿಲ್ಲ? ಸಂತೆಗೆ ಹೋದೋಳು ಬಸ್ ತಪ್ಪುಸ್ಕೊಂಡು ಲೇಟಾಗ್ಬಿಟ್ರೆ ಬೀದಿ ತುದೀಲಿ ನಿಂತು ನೋಡ್ತೀನಲ್ಲ, ಅದು? ಅವ್ಳು ಏಳೋಕ್ ಮುಂಚೆ ಎದ್ದು ಅರ್ಧ ನೂಲು ನಾನೇ ಸುತ್ತಿ ಇಡ್ತೀನಿ, ಅವ್ಳ ಬೆರಳು ನೋಯ್ಬಾರ್ದು ಅಂತ. ಅವ್ಳು ಅದು ನೆನ್ನೆ ಸುತ್ತಿದ್ದೇ ಮಿಕ್ಕಿದೆ ಅನ್ಕೊಂಡವ್ಳೆ. ಇರ್ಲಿ.

ಈಗ ಮೈನ್ ವಿಷ್ಯ. ಮೈಲ್‌ಸಾಮಿಯಣ್ಣ, ಇದ್ನ ಸರಿಯಾಗಿ ಬರಿ.

ನನ್ ಮಗ ಆಸ್ಪತ್ರೇಲಿ ಇದ್ದಾಗ, ಕಡೇ ದಿನಕ್ಕೆ ಹಿಂದಿನ ದಿನ, ನನ್ ಕೈ ಹಿಡ್ಕೊಂಡು ಹೇಳ್ದ. "ಅಮ್ಮಾ, ರಾಜಾಮಣಿಗೆ ಆ ಒಂದು ಪರೀಕ್ಷೆ ಕಟ್ಸು. ಅವ್ಳು ಓದ್ಲಿ" ಅಂದ. ಆಗ್ಲಿ ಕಣಪ್ಪಾ ಅಂದೆ. ಮನೆಗೆ ಬಂದು ಅವ್ಳಿಗೆ ಹೇಳ್ಲಿಲ್ಲ. ಮೂರು ವರ್ಷ ಆಯ್ತು, ಇವತ್ತಿಗೂ ಹೇಳ್ಲಿಲ್ಲ. ಯಾಕೆ ಅಂದ್ರೆ ಭಯ. ಮಗು ಮರಿ ಇಲ್ಲ. ಇಪ್ಪತ್ನಾಕು ವಯಸ್ಸು. ಪಾಸಾಗಿ ಕೆಲ್ಸ ಸಿಕ್ರೆ ಹೊರಟ್ಹೋಗ್ತಾಳೆ ಅಂತ. ಅವ್ಳ ಅಪ್ಪ ಬಂದು ಕರ್ದಾಗ ಹೋಗ್ದೆ ನನ್ ಜೊತೆ ನಿಂತೋಳು ಅವ್ಳು. ಅಂತೋಳ್ಗೆ ನಾನು ಹಿಂಗ್ ಮಾಡ್ದೆ.

ಅವ್ಳು ಪುಸ್ತಕ ಅಟ್ಟಕ್ಕೆ ಹಾಕಿದ್ನ ನೋಡ್ದಾಗಿಂದ ನಂಗೆ ಅನ್ನ ಇಳೀತಿಲ್ಲ. ಅವ್ಳ ಮುಖ ನೋಡಿ ಹೇಳೋಕೆ ನನ್ ಕೈಲಾಗಲ್ಲ. ಅದಕ್ಕೇ ನೀವೇ ಹೇಳ್ಬೇಕು, ಇಂಗ್ಲೀಸಲ್ಲಿ. ಪಾಠದ ತರ ಬರ್ದು ಕಳ್ಸಿ. ಅವ್ಳು ಅರ್ಥ ಮಾಡ್ಕೊಳೋವಷ್ಟು ಕಲ್ತಾಗ ತಾನೇ ಅರ್ಥ ಮಾಡ್ಕೊಳ್ಳಿ. ಗೋವಿಂದಸಾಮಿ ಹತ್ರ ಮಾತ್ರ ಕೇಳ್ಬಾರ್ದು ಅನ್ನಿ.

ವಳ್ಳಿಯಮ್ಮ, ಎಡಗೈ ಹೆಬ್ಬೆಟ್ಟು

*

ಆರ್.ಎಸ್. ಪುರಂ
16-1-1989

ಮೈಲ್‌ಸಾಮಿಯವರ ವಿಳಾಸಕ್ಕೆ, ತಮಿಳು ಅಕ್ಷರದಲ್ಲಿ. ವಳ್ಳಿಯಮ್ಮನವರಿಗೆ ಓದಿ ಹೇಳುವುದು.

ವಳ್ಳಿಯಮ್ಮನವರೇ, ನಮಸ್ಕಾರ. ಇಷ್ಟು ವರ್ಷ ಎಲ್ಲರಿಗೂ ಹೋಂವರ್ಕ್ ಕೊಟ್ಟವಳು ನಾನು. ನನಗೇ ಹೋಂವರ್ಕ್ ಕೊಟ್ಟವರು ನೀವೊಬ್ಬರೇ. ಎರಡು ದಿನ ಕೂತು ಬರೆದೆ, ನಾಲ್ಕು ಸಲ ಹರಿದು ಹಾಕಿದೆ. ನೀವು ನನ್ನನ್ನು ನಂಬಿದಿರಿ, ಅದಕ್ಕೆ ಹೇಗೆ ಕೃತಜ್ಞತೆ ಹೇಳಲಿ? ರಾಜಾಮಣಿಗೂ ಇವತ್ತೇ ಟಪಾಲು ಹಾಕುತ್ತಿದ್ದೇನೆ. ಅಟ್ಟದ ಮೇಲಿನ ಪುಸ್ತಕವನ್ನು ಕೆಳಗೆ ಇಳಿಸುವ ಕೆಲಸ ಮಾತ್ರ ನಿಮ್ಮದು.

ಜಾನಮ್ಮ

*

ಆರ್.ಎಸ್. ಪುರಂ
16-1-1989

ರಾಜಾಮಣಿಗೆ ಆಶೀರ್ವಾದ.

ನಿನ್ನ ಕೊನೆಯ ಕಾಗದ ನನಗೆ ತಲುಪಿಲ್ಲ ಎಂದೇ ಇಟ್ಟುಕೋ. ಪಾಠ ಮುಂದುವರಿಯುತ್ತದೆ.

ಈ ಸಲ ನೀನು ಬರೆಯಬೇಡ. ನಾನೇ ಆರು ವಾಕ್ಯ ಬರೆದಿದ್ದೇನೆ. ಅತ್ತೆಯೊಬ್ಬಳು ಸೊಸೆಗೆ ಹೇಳುವ ಮಾತುಗಳು. ಕನ್ನಡಕ್ಕೆ ತಿರುಗಿಸಿ ಕಳಿಸು. ಯಾರನ್ನೂ ಕೇಳಬಾರದು, ಗಟ್ಟಿಯಾಗಿ ಓದಲೂಬಾರದು. ಮನಸ್ಸಿನಲ್ಲೇ ಓದು. ನಿನಗೆ ಓದಲು ಸುಲಭವಾಗಲೆಂದು ಕನ್ನಡ ಅಕ್ಷರದಲ್ಲೂ ಬರೆದಿದ್ದೇನೆ.

ಐ ಹ್ಯಾವ್ ಶೌಟೆಡ್ ಅಟ್ ಯು, ಇಟ್ ಈಸ್ ಟ್ರೂ.
ಐ ಹ್ಯಾವ್ ವೇಟೆಡ್ ಫಾರ್ ಯು ಅಟ್ ದಿ ಎಂಡ್ ಆಫ್ ದಿ ಸ್ಟ್ರೀಟ್.
ಐ ಹ್ಯಾವ್ ಡಿಪೆಂಡೆಡ್ ಆನ್ ಯು.
ಐ ಹ್ಯಾವ್ ಬೀನ್ ಅಫ್ರೇಡ್ ಆಫ್ ಲೂಸಿಂಗ್ ಯು.
ಐ ಹ್ಯಾವ್ ಹಿಡನ್ ಒನ್ ಥಿಂಗ್ ಫ್ರಮ್ ಯು ಫಾರ್ ತ್ರೀ ಇಯರ್ಸ್.
ಮೈ ಸನ್ ಆಸ್ಕ್ಡ್ ಮಿ ಟು ಲೆಟ್ ಯು ಸ್ಟಡಿ.

ಕೊನೆಯದಕ್ಕೆ ಹ್ಯಾವ್ ಹಾಕಲು ಬರುವುದಿಲ್ಲ. ಏಕೆಂದು ಕೇಳಬೇಡ.

ಜಾನಮ್ಮ

*

ನೆಗಮಂ
12-2-1989

ಪ್ರೀತಿಯ ಟೀಚರಿಗೆ,

ಅನುವಾದ ಇಲ್ಲಿದೆ. ನಾನು ನಿನ್ನ ಮೇಲೆ ಕೂಗಾಡಿದ್ದೇನೆ, ಅದು ನಿಜ. ಬೀದಿಯ ತುದಿಯಲ್ಲಿ ನಿನಗಾಗಿ ಕಾದಿದ್ದೇನೆ. ನಿನ್ನನ್ನೇ ನೆಚ್ಚಿಕೊಂಡಿದ್ದೇನೆ. ನಿನ್ನನ್ನು ಎಲ್ಲಿ ಕಳೆದುಕೊಳ್ಳುತ್ತೇನೋ ಎಂದು ಹೆದರಿದ್ದೇನೆ. ಮೂರು ವರ್ಷದಿಂದ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ.

ಆರನೆಯದನ್ನು ಬರೆಯಲು ಇವತ್ತು ನನ್ನಿಂದ ಆಗುವುದಿಲ್ಲ. ಅರ್ಥವಾಗಿದೆ. ಮಾರ್ಕು ಕೊಡಿ.

ಮೊದಲ ಎರಡು ವಾಕ್ಯ ಓದಿದಾಗ ಟೀಚರ್ ನನ್ನನ್ನು ಕೀಟಲೆ ಮಾಡುತ್ತಿದ್ದಾರೆ ಅಂದುಕೊಂಡೆ. ನಾಲ್ಕನೆಯದಕ್ಕೆ ಬಂದಾಗ ರಾಟೆ ನಿಲ್ಲಿಸಿದೆ. ಆರನೆಯದನ್ನು ಓದಿದ ಮೇಲೆ ನನಗೆ ಬಂದದ್ದು ಸಿಟ್ಟು, ಸುಳ್ಳು ಹೇಳುವುದಿಲ್ಲ. ಮೂರು ವರ್ಷ! ನಮ್ಮವರು ನನಗಾಗಿ ಒಂದು ಮಾತು ಬಿಟ್ಟುಹೋಗಿದ್ದರು, ಅದು ಈ ಮನೆಯಲ್ಲೇ ಇತ್ತು. ಹೋಗುವಾಗ ನನ್ನ ಬಗ್ಗೆ ಏನೂ ಹೇಳಲಿಲ್ಲವಲ್ಲ ಎಂದು ನಾನು ಎಷ್ಟು ಸಲ ಅತ್ತಿದ್ದೇನೆ ಗೊತ್ತೇ? ಅತ್ತೆ ಆಗ ಸೀರೆ ಒಪ್ಪಿಸಲು ಸಂಘಕ್ಕೆ ಹೋಗಿದ್ದರು. ಮನೆಯಲ್ಲಿದ್ದಿದ್ದರೆ ನಾನು ಏನಾದರೂ ಅಂದುಬಿಡುತ್ತಿದ್ದೆ.

ಅವರು ಬರುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿತ್ತು. ಹೇಳದೆ ಇದ್ದಿದ್ದರೆ ನನಗೆ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ, ಆದರೂ ಹೇಳಿದರಲ್ಲ ಎಂಬ ಯೋಚನೆ ಬಂತು. ತಟ್ಟೆ ಇಟ್ಟೆ. ಅವರು ನನ್ನ ಮುಖ ನೋಡಿ ಅನ್ನಕ್ಕೆ ಕೈ ಹಾಕಲಿಲ್ಲ.

"ಓದ್ದ್ಯಾ?"

"ಓದ್ದೆ ಅತ್ತೆ."

"ಗೋವಿಂದಸಾಮಿನ ಕೇಳ್ಲಿಲ್ಲ ತಾನೆ?"

"ಇಲ್ಲ. ನಾನೇ ಓದ್ದೆ."

"ಕಡೇದೂ ಅರ್ಥ ಆಯ್ತಾ?"

"ಆಯ್ತು."

ಅತ್ತೆ ತಟ್ಟೆ ಹತ್ತಿರ ಎಳೆದು ಒಂದು ತುತ್ತು ಬಾಯಿಗಿಟ್ಟರು. "ಸಾರಿಗೆ ಉಪ್ಪು ಸಾಲ್ದು" ಎಂದರು. ನಾನು ಉಪ್ಪು ತಂದು ಹಾಕಿದೆ, ಅವರು ಉಂಡರು. ಇಬ್ಬರ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ಮರುದಿನ ನನ್ನ ನೋಟ್ ಪುಸ್ತಕ ಧೂಳು ಕೊಡವಿ ರಾಟೆಯ ಪಕ್ಕದಲ್ಲಿತ್ತು.

ಟೀಚರ್, ನನಗೆ ಸೇರಬೇಕಾದ ಮಾತನ್ನು ನನಗೆ ತಲುಪಿಸಿದಿರಿ. ಈ ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ರಾಜಾಮಣಿ

*

ಆರ್.ಎಸ್. ಪುರಂ
20-2-1989

ರಾಜಾಮಣಿಗೆ ಆಶೀರ್ವಾದ.

ಐದೂ ವಾಕ್ಯ ಸರಿ. ಬಿಟ್ಟದ್ದಕ್ಕೂ ಪೂರ್ತಿ ಮಾರ್ಕು. ನನ್ನ ಜನ್ಮದಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಮಾರ್ಕು ಕೊಟ್ಟಿದ್ದು ಇದೇ ಮೊದಲು.

ಪರೀಕ್ಷೆಗೆ ಇನ್ನು ಏಳು ವಾರ. ವಾರಕ್ಕೆ ಇಪ್ಪತ್ತು ವಾಕ್ಯ ಬರಲಿ. ಬೆಳಿಗ್ಗೆ ಎದ್ದಾಗ ಟಪಾಲಿನವನು ಬರುತ್ತಾನೆ ಎಂಬ ಆಸೆ ನನಗೆ ಈ ಮನೆಯಲ್ಲಿ ಹೊಸದು. ಅದನ್ನು ಕೊಟ್ಟವರು ನೀವಿಬ್ಬರು.

ಜಾನಮ್ಮ

*

ತಿರುಪ್ಪೂರು
25-6-1989

ಪ್ರೀತಿಯ ಟೀಚರಿಗೆ,

ಮೇಲೆ ತಿರುಪ್ಪೂರು ಎಂದು ನೋಡಿ ಗಾಬರಿಯಾಗಬೇಡಿ. ಮೊದಲು ಮುಖ್ಯವಾದದ್ದನ್ನು ಹೇಳುತ್ತೇನೆ: ಪಾಸು! ಇಂಗ್ಲಿಷಿನಲ್ಲಿ ನಲವತ್ತೇಳು. ಪರೀಕ್ಷೆಯ ದಿನ ಅತ್ತೆ ಮಗ್ಗ ನಿಲ್ಲಿಸಿ ಪೊಳ್ಳಾಚಿಯವರೆಗೆ ಬಂದು, ಶಾಲೆಯ ಗೇಟಿನ ಹೊರಗೆ ಮೂರು ಗಂಟೆ ಕೂತಿದ್ದರು. ಬಂದವರಿಗೆಲ್ಲ, "ಒಳ್ಗೆ ನನ್ ಸೊಸೆ ಇಂಗ್ಲೀಸ್ ಬರೀತಾವ್ಳೆ, ಗಲಾಟೆ ಮಾಡ್ಬೇಡಿ" ಎಂದು ಹೇಳುತ್ತಿದ್ದರಂತೆ.

ಸರ್ಟಿಫಿಕೇಟ್ ಹಿಡಿದು ಸಂಘಕ್ಕೆ ಓಡಿದೆ. ರಾಮಲಿಂಗಂ ಅವರು ಮುಖ ತಗ್ಗಿಸಿದರು. ನಮ್ಮ ಬೀದಿಗೆ ಈ ವರ್ಷ ಬಾಲವಾಡಿ ಬರುವುದಿಲ್ಲವಂತೆ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಕೆಲಸಗಾರರ ಮಕ್ಕಳಿಗಾಗಿ ಒಂದು ಶುರುವಾಗಿದೆ, ಹತ್ತು ದಿನದೊಳಗೆ ಸೇರಬೇಕು, ಅಲ್ಲೇ ಇರಬೇಕು ಎಂದರು. ಬೇಡ ಎಂದು ಹೇಳಿ ಬಂದೆ. ಅತ್ತೆ ಹೆದರಿದ್ದು ಇದಕ್ಕೇ ಅಲ್ಲವೇ? ಅವರಿಗೆ ಹೇಳಲೂ ಇಲ್ಲ. ಪಾಸಾಯಿತು, ಕೆಲಸ ಬರಲಿಲ್ಲ ಎಂದಷ್ಟೇ ಹೇಳಿದೆ.

ಆದರೆ ಆ ಬೀದಿಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಸಂಜೆಯೇ ಅವರಿಗೆ ತಿಳಿಯಿತು. "ನಾನು ಮುಚ್ಚಿಟ್ಟಿದ್ದು ಸಾಲ್ದು ಅಂತ ಈಗ ನೀನು ಶುರು ಮಾಡ್ದ್ಯಾ?" ಎಂದು ಬೀದಿಯೇ ಹಾರಿಹೋಗುವ ಹಾಗೆ ಕೂಗಿದರು. ಸಂಘಕ್ಕೆ ಹೋಗಿ, ಸೊಸೆ ತಿರುಪ್ಪೂರಿಗೆ ಹೋಗುತ್ತಾಳೆ ಎಂದು ರಾಮಲಿಂಗಂ ಅವರಿಗೆ ತಾವೇ ಹೇಳಿ ಬಂದರು. ಆಗ ಮಗ್ಗದಲ್ಲಿದ್ದ ಸೀರೆಯನ್ನು ಮೂರು ದಿನದಲ್ಲಿ ನೇಯ್ದು ಮುಗಿಸಿದರು. ಪಕ್ಕದ ಮನೆಯ ಮಾರಪ್ಪನ್ ಅವರನ್ನು ಕರೆದು, "ನಾನು ಇಲ್ದಾಗ ಇದ್ರಲ್ಲಿ ನೀನು ನೇಯಿ, ಗುಂಡಿ ಖಾಲಿ ಬಿಡ್ಬೇಡ" ಎಂದರು. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗುವುದಿಲ್ಲ ಎಂದು ನಾನು ಹಠ ಹಿಡಿದೆ. "ಒಬ್ಳನ್ನೇ ಬಿಡು ಅಂತ ಯಾರು ಹೇಳಿದ್ರು?" ಎಂದು ತಮ್ಮ ಬಟ್ಟೆಯ ಗಂಟು ತೋರಿಸಿದರು. ನನ್ನ ಗಂಟಿಗಿಂತ ಮೊದಲೇ ಅದನ್ನು ಕಟ್ಟಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಅವರಿಗೇ.

ಇಲ್ಲಿ ಮೂವತ್ತೆಂಟು ಮಕ್ಕಳು. ಎಂಟು ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುವವು. ಅತ್ತೆ ಕಸ ಗುಡಿಸುವ ನೆಪದಲ್ಲಿ ಬಂದು ಸಂಜೆಯವರೆಗೆ ಅಲ್ಲೇ ಕೂತಿರುತ್ತಾರೆ. ಈಗ ಅವರ ಕೂಗು ಮೂವತ್ತೆಂಟು ಜನಕ್ಕೆ ಹಂಚಿಹೋಗಿ ನನ್ನ ಪಾಲಿಗೆ ಬರುವುದು ಕಡಿಮೆ.

ಇದನ್ನು ಬರೆಯುವಾಗ ಎದುರಿಗೆ ಕೂತಿದ್ದಾರೆ. ಟೀಚರಮ್ಮಂಗೆ ತಾವೂ ಎರಡು ಮಾತು ಹೇಳಬೇಕಂತೆ. ಇಲ್ಲಿ ಮೈಲ್‌ಸಾಮಿಯಣ್ಣ ಇಲ್ಲ, ನಾನೇ ಬರೆಯಬೇಕು. ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ.

"ಟೀಚರಮ್ಮ, ಚೆನ್ನಾಗಿದ್ದೀರಾ? ನಾವು ಚೆನ್ನಾಗಿದ್ದೀವಿ. ಒಂದ್ಸಲ ಬನ್ನಿ, ಇಲ್ಲಿ ಎರಡು ರೂಮಿದೆ. ನನ್ ಮಗ ಚಿನ್ನಸಾಮಿ ಕೇಳ್ದ ಕೆಲ್ಸ ಮುಗೀತು. ಲೇಟಾಯ್ತು, ಆದ್ರೆ ಮುಗೀತು. ನೀವು ಇಲ್ದಿದ್ರೆ..."

ಇಲ್ಲಿ ನಾನು ಪೆನ್ನು ನಿಲ್ಲಿಸಿದೆ ಟೀಚರ್. ನಮ್ಮವರು ಹೋದ ಮೇಲೆ ನನ್ನೆದುರಿಗೆ ಅತ್ತೆ ಆ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ. ನಾನೂ ಅವರೆದುರಿಗೆ ಹೇಳಿರಲಿಲ್ಲ.

"ಯಾಕೆ ನಿಲ್ಸಿದ್ದೀಯಾ?" ಎಂದರು ಅತ್ತೆ. "ಅವನ್ ಹೆಸ್ರು ಬರ್ದ್ಯಾ?"

"ಬರ್ದೆ."

"ಎಲ್ಲಿ, ಓದು."

ಗಟ್ಟಿಯಾಗಿ ಓದಿದೆ.

"ಇನ್ನೊಂದ್ಸಲ" ಎಂದರು.

ನಿಮ್ಮ
ರಾಜಾಮಣಿ, ವಳ್ಳಿಯಮ್ಮ